ನಾಯಿಯ ಮಂಡಿಚಿಪ್ಪು ಏಕೆ ಜಾರುತ್ತದೆ, ಜಾರಿದಾಗ ಏನು ಮಾಡಬೇಕು

ಸಣ್ಣ ನಾಯಿಯೊಂದು ಓಡುತ್ತಿದೆ ಎಂದುಕೊಳ್ಳಿ. ನಡುವೆ ಇದ್ದಕ್ಕಿದ್ದಂತೆ ಒಂದು ಹಿಂಗಾಲನ್ನು ಎತ್ತಿಕೊಳ್ಳುತ್ತದೆ. ಮೂರೇ ಕಾಲಲ್ಲಿ ನಾಲ್ಕೈದು ಹೆಜ್ಜೆ ಕುಪ್ಪಳಿಸುತ್ತದೆ. ಆಮೇಲೆ ಆ ಕಾಲನ್ನು ಹಿಂದಕ್ಕೆ ಚಾಚಿ ಒಮ್ಮೆ ಝಾಡಿಸಿ ಕೆಳಗಿಡುತ್ತದೆ, ಏನೂ ಆಗಿಲ್ಲವೆಂಬಂತೆ ಮತ್ತೆ ಓಡುತ್ತದೆ. ಕೂಗುವುದಿಲ್ಲ, ನರಳುವುದಿಲ್ಲ. ನಿಮ್ಮಲ್ಲಿ ಹಲವರು ಇದನ್ನು ನೋಡಿ ‘ಅದರ ಓಟವೇ ಹಾಗೆ’ ಎಂದು ಸುಮ್ಮನಾಗಿರಬಹುದು. ಆ ನಾಲ್ಕೈದು ಹೆಜ್ಜೆಗಳಲ್ಲಿ ಮಂಡಿಚಿಪ್ಪು ತನ್ನ ಜಾಗ ಬಿಟ್ಟು ಜಾರಿ, ಮತ್ತೆ ಜಾಗಕ್ಕೆ ಬಂದಿರುತ್ತದೆ. ವೈದ್ಯರ ಚೀಟಿಯಲ್ಲಿ ಇದನ್ನು ಪಟೆಲ್ಲರ್ ಲಕ್ಸೇಷನ್ ಎಂದು ಬರೆಯುತ್ತಾರೆ. ಚಿಪ್ಪು ಒಳಬದಿಗೆ, ಅಂದರೆ ಇನ್ನೊಂದು ಕಾಲಿನ ಕಡೆಗೆ ಜಾರುವಂಥದ್ದಾದರೆ ಮೀಡಿಯಲ್ ಪಟೆಲ್ಲರ್ ಲಕ್ಸೇಷನ್, ಚಿಕ್ಕದಾಗಿ ಎಂಪಿಎಲ್.

ಮೊದಲು ಮಂಡಿಯ ರಚನೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಅದು ಮನಸ್ಸಿಗೆ ಹತ್ತಿದರೆ ಮುಂದಿನದೆಲ್ಲ ಸುಲಭ. ಮಂಡಿಚಿಪ್ಪು ತೊಡೆಯ ಮುಂಭಾಗದ ದೊಡ್ಡ ಸ್ನಾಯುವಿನ ರಜ್ಜುವಿನೊಳಗೇ ಹುದುಗಿರುವ ಪುಟ್ಟ ಮೂಳೆ. ಸ್ನಾಯು ಮೇಲಿನಿಂದ ಇಳಿದು ಬಂದು ಚಿಪ್ಪನ್ನು ಹಿಡಿಯುತ್ತದೆ. ಚಿಪ್ಪಿನ ಕೆಳಗಿನಿಂದ ಒಂದು ಗಟ್ಟಿ ಪಟ್ಟಿ ಹೊರಟು ಕೆಳಗಾಲಿನ ಮೂಳೆಯ ಮುಂಭಾಗದಲ್ಲಿರುವ ಗುಬುಟಿಗೆ ಅಂಟಿಕೊಳ್ಳುತ್ತದೆ. ತೊಡೆಮೂಳೆಯ ಕೆಳತುದಿಯಲ್ಲಿ ಎರಡು ದಿಬ್ಬಗಳ ನಡುವೆ ಒಂದು ನುಣುಪಾದ ತೋಡು ಇದೆ. ಕಾಲು ಮಡಚಿದಾಗಲೂ ಚಾಚಿದಾಗಲೂ ಚಿಪ್ಪು ಆ ತೋಡಿನಲ್ಲೇ ಮೇಲೆ ಕೆಳಗೆ ಸರಿಯಬೇಕು. ಬಾವಿಯ ರಾಟೆಯನ್ನು ನೆನೆಸಿಕೊಳ್ಳಿ. ಹಗ್ಗ ರಾಟೆಯ ನೇರಕ್ಕೆ ಇರುವವರೆಗೆ ಎಷ್ಟು ಜಗ್ಗಿದರೂ ತೋಡಿನಲ್ಲೇ ಓಡುತ್ತದೆ. ಪಕ್ಕದಿಂದ ಜಗ್ಗಿದರೆ ಅಂಚು ಹತ್ತಿ ಆಚೆ ಬೀಳುತ್ತದೆ. ಮಂಡಿಯಲ್ಲಿ ನಡೆಯುವುದೂ ಅದೇ. ಸೊಂಟದ ಕೀಲು, ತೊಡೆಮೂಳೆ, ತೋಡು, ಚಿಪ್ಪು, ಕೆಳಗಾಲಿನ ಗುಬುಟು ಇವೆಲ್ಲ ಒಂದೇ ಗೆರೆಯಲ್ಲಿದ್ದರೆ ಚಿಪ್ಪು ಕೂತಲ್ಲೇ ಕೂತಿರುತ್ತದೆ. ಗೆರೆ ವಾಲಿದ್ದರೆ ಸ್ನಾಯು ಬಿಗಿಯಾದಾಗಲೆಲ್ಲ ಚಿಪ್ಪನ್ನು ಪಕ್ಕಕ್ಕೆ ಎಳೆಯುತ್ತದೆ.

ಇವತ್ತು ನಿಮ್ಮ ಮುಂದೆ ಇಡಬೇಕೆಂದಿರುವ ಮುಖ್ಯ ಮಾತು ಇದು: ಚಿಪ್ಪು ಜಾರುವುದು ಕಣ್ಣಿಗೆ ಕಾಣುವ ಫಲ, ಕಾಯಿಲೆಯ ಬೇರು ಇರುವುದು ಇಡೀ ಕಾಲಿನ ಗೆರೆಯಲ್ಲಿ. ಇದನ್ನು ಬಿಟ್ಟು ಚಿಪ್ಪನ್ನೇ ಹಿಡಿದುಕೊಂಡರೆ ಮನೆಯಲ್ಲಿ ಮಾಡುವ ಆರೈಕೆಯೂ ತಪ್ಪುತ್ತದೆ, ಶಸ್ತ್ರಚಿಕಿತ್ಸೆಯೂ ತಪ್ಪುತ್ತದೆ.

ಹಾಗಾದರೆ ಗೆರೆ ವಾಲುವುದು ಯಾವಾಗ? ಬಹುಪಾಲು ನಾಯಿಗಳಲ್ಲಿ ಬೆಳವಣಿಗೆಯ ತಿಂಗಳುಗಳಲ್ಲೇ. ಆದರೂ ಹಾಗೆ ವಾಲುವ ಒಲವು ಹುಟ್ಟಿನಿಂದಲೇ ಇರುವುದರಿಂದ, ಹುಟ್ಟಿದ ದಿನ ಚಿಪ್ಪು ಜಾರಿರದಿದ್ದರೂ, ಇದನ್ನು ಹುಟ್ಟಿನಿಂದ ಬಂದ ದೋಷ ಎನ್ನುತ್ತೇವೆ. ತೊಡೆಮೂಳೆ ಕೆಳಭಾಗದಲ್ಲಿ ಬಿಲ್ಲಿನಂತೆ ಬಾಗುತ್ತದೆ, ಕೆಳಗಾಲಿನ ಮೂಳೆ ಒಳಕ್ಕೆ ತಿರುಚುತ್ತದೆ, ಗುಬುಟು ಒಳಬದಿಗೆ ಸರಿಯುತ್ತದೆ. ಇಲ್ಲಿ ಒಂದು ವಿಷವರ್ತುಲ ಶುರುವಾಗುತ್ತದೆ. ಮರಿಯ ತೋಡು ಆಳವಾಗಬೇಕಾದರೆ ಚಿಪ್ಪು ಅದರಲ್ಲಿ ಕೂತು ಒತ್ತುತ್ತಿರಬೇಕು. ಚಿಪ್ಪು ಹೊರಗೇ ಇದ್ದರೆ ಒತ್ತಡವಿಲ್ಲ, ತೋಡು ಆಳವಾಗುವುದಿಲ್ಲ. ತೋಡು ಆಳವಿಲ್ಲದಿದ್ದರೆ ಚಿಪ್ಪು ಇನ್ನೂ ಸುಲಭವಾಗಿ ಜಾರುತ್ತದೆ. ಜೊತೆಗೆ ಬೆಳೆಯುವ ಮೂಳೆಯ ತುದಿಯಲ್ಲಿರುವ ಮೃದ್ವಸ್ಥಿಯ ಪದರದ ಮೇಲೆ ಒಂದು ಬದಿಯಲ್ಲಿ ಹೆಚ್ಚು ಒತ್ತಡ ಬಿದ್ದರೆ ಆ ಬದಿ ನಿಧಾನವಾಗಿ ಬೆಳೆಯುತ್ತದೆ, ಒತ್ತಡವಿಲ್ಲದ ಬದಿ ಬೇಗ ಬೆಳೆಯುತ್ತದೆ. ಬಾಗು ಇನ್ನಷ್ಟು ಬಾಗುತ್ತದೆ. ತೀವ್ರವಾಗಿರುವ ಮರಿಯನ್ನು ‘ದೊಡ್ಡದಾಗಲಿ, ಆಮೇಲೆ ನೋಡೋಣ’ ಎಂದು ಬಿಡಬಾರದು ಎನ್ನುವುದು ಇದಕ್ಕೇ. ಅದು ದೊಡ್ಡದಾಗುವಷ್ಟರಲ್ಲಿ ಮೂಳೆಗಳೇ ಆಕಾರ ಕೆಟ್ಟಿರುತ್ತವೆ.

ಪೊಮರೇನಿಯನ್, ಚಿವಾವಾ, ಯಾರ್ಕ್‌ಷೈರ್ ಟೆರಿಯರ್, ಮಾಲ್ಟೀಸ್, ಸಣ್ಣ ಪೂಡಲ್, ಶಿಹ್ ತ್ಸು, ಪಗ್, ಫ್ರೆಂಚ್ ಬುಲ್‌ಡಾಗ್ ಇಂಥ ತಳಿಗಳಲ್ಲಿ ಇದು ತುಂಬ ಸಾಮಾನ್ಯ. ಆದರೆ ಸಣ್ಣ ನಾಯಿಗಳದ್ದೇ ಕಾಯಿಲೆ ಎಂದುಕೊಳ್ಳಬೇಡಿ, ಲ್ಯಾಬ್ರಡಾರ್‌ನಂಥ ದೊಡ್ಡ ನಾಯಿಗಳಲ್ಲೂ ಬರುತ್ತದೆ. ಸಣ್ಣವಿರಲಿ ದೊಡ್ಡವಿರಲಿ, ಒಳಬದಿಗೆ ಜಾರುವುದೇ ಹೆಚ್ಚು. ಹೊರಬದಿಗೆ ಜಾರುವುದು ದೊಡ್ಡ ತಳಿಗಳಲ್ಲಿ ಸ್ವಲ್ಪ ಹೆಚ್ಚಾಗಿ ಕಾಣುತ್ತದೆ. ಆ ನಾಯಿಗಳು ಮಂಡಿ ಒಳಕ್ಕೆ ತಾಗಿಸಿಕೊಂಡು, ಪಾದ ಹೊರಕ್ಕೆ ತಿರುಗಿಸಿಕೊಂಡು ನಿಲ್ಲುತ್ತವೆ. ಸುಮಾರು ಅರ್ಧದಷ್ಟು ನಾಯಿಗಳಲ್ಲಿ ಎರಡೂ ಹಿಂಗಾಲುಗಳಿಗೆ ತೊಂದರೆ ಇರುತ್ತದೆ. ಅಂಥವು ಕುಂಟುವುದು ಯಾವ ಕಾಲನ್ನು ಎಂದು ಹೇಳುವುದೇ ಕಷ್ಟ. ಎರಡೂ ಸಮನಾಗಿ ಕೆಟ್ಟಿದ್ದರೆ ನಾಯಿ ಕುಂಟುವುದಿಲ್ಲ, ಭಾರವನ್ನು ಮುಂಗಾಲಿಗೆ ಹಾಕಿಕೊಂಡು ಕುಂಡೆ ತಗ್ಗಿಸಿ ನಡೆಯುತ್ತದೆ, ಮೆಟ್ಟಿಲು ಕಂಡರೆ ನಿಂತುಬಿಡುತ್ತದೆ.

ಬಿದ್ದು ಅಥವಾ ಗಾಡಿ ತಾಗಿ ಚಿಪ್ಪಿನ ಪಕ್ಕದ ಅಂಗಾಂಶ ಹರಿದು ಜಾರುವುದೂ ಉಂಟು. ಆಗ ನೋವು, ಊತ ಎರಡೂ ಜೋರಾಗಿರುತ್ತವೆ. ಅದು ಬೇರೆಯೇ ಸಂಗತಿ, ಇವತ್ತು ಅದನ್ನು ಬಿಟ್ಟುಬಿಡುತ್ತೇನೆ.

ಈಗ ಆ ಝಾಡಿಸುವಿಕೆಗೆ ಬರೋಣ. ನಾಯಿ ಕಾಲನ್ನು ಹಿಂದಕ್ಕೆ ಚಾಚುವುದು ಏಕೆ? ಮಂಡಿ ಮಡಚಿದ್ದಾಗ ಚಿಪ್ಪು ತೋಡಿನಿಂದ ಜಾರಿ ದಿಬ್ಬದ ಆಚೆ ಸಿಕ್ಕಿಕೊಂಡಿರುತ್ತದೆ. ಕಾಲು ಪೂರ್ತಿ ನೀಟಾದಾಗ ಚಿಪ್ಪು ಮೇಲಕ್ಕೆ, ದಿಬ್ಬ ತಗ್ಗಾಗಿರುವ ಜಾಗಕ್ಕೆ ಏರುತ್ತದೆ, ಸ್ನಾಯು ಸಡಿಲಾಗುತ್ತದೆ, ಅಲ್ಲಿಂದ ತೋಡಿಗೆ ಮರಳುತ್ತದೆ. ನಾಯಿ ಇದನ್ನು ತಾನೇ ಕಲಿತುಕೊಂಡಿರುತ್ತದೆ. ಹಾಗಾದರೆ ನೋವಿಲ್ಲವೇ ಎಂದು ಕೇಳುತ್ತೀರಿ. ಜಾರುವ ಕ್ಷಣದಲ್ಲಿ ಬಹಳ ಸಣ್ಣ ನಾಯಿಗಳಿಗೆ ಅಷ್ಟೇನೂ ನೋವಾದಂತೆ ಕಾಣುವುದಿಲ್ಲ. ನೋವು ಶುರುವಾಗುವುದು ಚಿಪ್ಪಿನ ಅಡಿಭಾಗದ ಮೃದ್ವಸ್ಥಿಯೂ ಒಳದಿಬ್ಬದ ಮೃದ್ವಸ್ಥಿಯೂ ಒಂದಕ್ಕೊಂದು ಉಜ್ಜಿ ಸವೆದು ಕೆಳಗಿನ ಮೂಳೆ ಬಯಲಾದಾಗ. ಮೃದ್ವಸ್ಥಿಗೆ ನರಗಳಿಲ್ಲ, ಸವೆಯುವಾಗ ಅದು ದೂರು ಕೊಡುವುದಿಲ್ಲ. ಅದಕ್ಕೇ ‘ನೋವಿಲ್ಲ, ಇರಲಿ ಬಿಡಿ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ವಾರಕ್ಕೆ ಒಮ್ಮೆ ಕುಪ್ಪಳಿಸುವುದಕ್ಕೂ ದಿನಕ್ಕೆ ಹತ್ತು ಸಲ ಕುಪ್ಪಳಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ಆ ಲೆಕ್ಕ ಇಡುವವರು ನೀವೇ.

ಲೆಕ್ಕ ಇಡುವುದು ಎಂದರೆ ಹೀಗೆ. ಮೊಬೈಲಿನಲ್ಲಿ ವಿಡಿಯೋ ತೆಗೆಯಿರಿ. ನಾಯಿ ನಿಮ್ಮಿಂದ ದೂರ ಹೋಗುವುದು, ನಿಮ್ಮ ಕಡೆ ಬರುವುದು, ಪಕ್ಕದಿಂದ ಹಾದುಹೋಗುವುದು ಹೀಗೆ ಮೂರು ತುಣುಕು. ಮೊಬೈಲನ್ನು ನೆಲದಿಂದ ನಾಯಿಯ ಬೆನ್ನಿನ ಎತ್ತರದಲ್ಲಿ ಹಿಡಿಯಿರಿ, ನಿಂತು ಮೇಲಿನಿಂದ ತೆಗೆದರೆ ಕಾಲು ಕಾಣುವುದಿಲ್ಲ. ಹೊಸ ಜಾಗಕ್ಕೆ ಬಂದ ನಾಯಿ ಗಾಬರಿಯಲ್ಲಿ ಕುಂಟುವುದನ್ನೇ ಮರೆಯುತ್ತದೆ. ಪರೀಕ್ಷಾ ಕೋಣೆಯಲ್ಲಿ ಚೆನ್ನಾಗಿ ನಡೆದು ತೋರಿಸಿ, ಮನೆಗೆ ಹೋದ ಮೇಲೆ ಕುಪ್ಪಳಿಸುವ ನಾಯಿಗಳು ಎಷ್ಟೋ. ಆ ವಿಡಿಯೋ ವೈದ್ಯರಿಗೆ ಅರ್ಧ ಪರೀಕ್ಷೆ ಮಾಡಿದಷ್ಟು ಉಪಯೋಗ.

ವೈದ್ಯರು ಕೈಯಿಂದ ನೋಡುವ ಕ್ರಮ ನಿಮಗೂ ಗೊತ್ತಿರಲಿ. ನಾಯಿಯನ್ನು ಮೊದಲು ನಿಲ್ಲಿಸಿಯೇ ಎರಡೂ ಮಂಡಿಗಳನ್ನು ಒಟ್ಟಿಗೆ ಮುಟ್ಟಿ ಹೋಲಿಸುತ್ತಾರೆ. ಆಮೇಲೆ ಪಕ್ಕಕ್ಕೆ ಮಲಗಿಸುತ್ತಾರೆ. ಚಿಪ್ಪನ್ನು ನೇರವಾಗಿ ಹುಡುಕುವುದಿಲ್ಲ. ಎರಡು ಕಿಲೋದ ನಾಯಿಯಲ್ಲಿ ಅದು ಬೇಳೆಕಾಳಿನಷ್ಟೇ ಇರುತ್ತದೆ. ಮೊದಲು ಕೆಳಗಾಲಿನ ಗುಬುಟನ್ನು ಗುರುತಿಸಿ, ಅಲ್ಲಿಂದ ಬೆರಳನ್ನು ಪಟ್ಟಿಯ ಗುಂಟ ಮೇಲಕ್ಕೆ ತಂದರೆ ಪಟ್ಟಿ ಮುಗಿಯುವಲ್ಲಿ ಚಿಪ್ಪು ಸಿಗುತ್ತದೆ. ಪಟ್ಟಿ ನೇರವಾಗಿ ಏರದೆ ಒಳಬದಿಗೆ ಓರೆಯಾಗಿ ಹೋದರೆ ಅಲ್ಲೇ ಅರ್ಧ ಉತ್ತರ ಸಿಕ್ಕಂತೆ. ನಂತರ ಮಂಡಿಯನ್ನು ಚಾಚಿ, ಪಾದವನ್ನು ಒಳಕ್ಕೆ ತಿರುಗಿಸಿ, ಹೆಬ್ಬೆರಳಿನಿಂದ ಚಿಪ್ಪನ್ನು ಒಳಬದಿಗೆ ಒತ್ತಿ ನೋಡುತ್ತಾರೆ. ಹೊರಬದಿಯ ಜಾರುವಿಕೆ ನೋಡಲು ಮಂಡಿಯನ್ನು ಸ್ವಲ್ಪ ಮಡಚಿ ಪಾದವನ್ನು ಹೊರಕ್ಕೆ ತಿರುಗಿಸಿ ಹೊರಕ್ಕೆ ಒತ್ತುತ್ತಾರೆ. ನೀವು ಮನೆಯಲ್ಲಿ ಗುಬುಟು, ಪಟ್ಟಿ, ಚಿಪ್ಪು ಎಲ್ಲಿವೆ ಎಂದು ಮೆಲ್ಲಗೆ ಮುಟ್ಟಿ ತಿಳಿದುಕೊಂಡರೆ ತಪ್ಪಿಲ್ಲ. ಆದರೆ ಒತ್ತಿ ಜಾರಿಸುವುದನ್ನು ಮಾಡಬೇಡಿ. ಪ್ರತಿ ಸಲ ಜಾರಿಸಿದಾಗಲೂ ಮೃದ್ವಸ್ಥಿ ಅಷ್ಟಷ್ಟು ಉಜ್ಜುತ್ತದೆ.

ಈ ಪರೀಕ್ಷೆಯಿಂದ ಬರುವುದು ನಾಲ್ಕು ಹಂತ. 1968ರಲ್ಲಿ ಪಟ್ನಮ್ ಎಂಬವರು ರೂಪಿಸಿ, 1969ರಲ್ಲಿ ಸಿಂಗಲ್ಟನ್ ಎಂಬವರು ಮಾರ್ಪಡಿಸಿದ ಈ ವಿಂಗಡಣೆಯೇ ಇಂದಿಗೂ ಬಳಕೆಯಲ್ಲಿದೆ. ಮೊದಲನೇ ಹಂತದಲ್ಲಿ ಚಿಪ್ಪು ಜಾಗದಲ್ಲೇ ಇರುತ್ತದೆ. ಒತ್ತಿದರೆ ಜಾರುತ್ತದೆ, ಬೆರಳು ತೆಗೆದ ಕೂಡಲೇ ತಾನೇ ಮರಳುತ್ತದೆ. ಎರಡನೇ ಹಂತದಲ್ಲಿ ಮಂಡಿ ಮಡಚಿದಾಗ ತಾನಾಗಿಯೋ ಒತ್ತಿದಾಗಲೋ ಜಾರುತ್ತದೆ, ಕಾಲು ಚಾಚುವವರೆಗೆ ಅಥವಾ ಕೈಯಿಂದ ತಳ್ಳುವವರೆಗೆ ಹೊರಗೇ ಇರುತ್ತದೆ. ಝಾಡಿಸುವ ನಾಯಿಗಳು ಹೆಚ್ಚಾಗಿ ಇಲ್ಲಿಗೆ ಸೇರುತ್ತವೆ. ಮೂರನೆಯದರಲ್ಲಿ ಚಿಪ್ಪು ಬಹುಪಾಲು ಹೊತ್ತು ಹೊರಗೇ ಇರುತ್ತದೆ. ಕೈಯಿಂದ ಕೂರಿಸಬಹುದು, ಆದರೆ ನಿಲ್ಲುವುದಿಲ್ಲ. ಕೆಳಗಾಲಿನ ತಿರುಚು 30ರಿಂದ 60 ಡಿಗ್ರಿಯವರೆಗೆ ಇರಬಹುದು. ನಾಲ್ಕನೆಯದರಲ್ಲಿ ಚಿಪ್ಪು ಸದಾ ಹೊರಗೆ, ಕೈಯಿಂದಲೂ ಒಳಗೆ ಬರುವುದಿಲ್ಲ. ತಿರುಚು 60ರಿಂದ 90 ಡಿಗ್ರಿ, ತೋಡು ಇರುವುದೇ ಇಲ್ಲ ಅಥವಾ ತೋಡಿನ ಜಾಗದಲ್ಲಿ ಉಬ್ಬು ಇರುತ್ತದೆ. ಈ ಹಂತದ ಮರಿಗೆ ಮಂಡಿ ಚಾಚಲು ಬರುವುದೇ ಇಲ್ಲ. ಕಾಲನ್ನು ಚಾಚಬೇಕಾದ ಸ್ನಾಯು ಪಕ್ಕಕ್ಕೆ ಹೋಗಿಬಿಟ್ಟಿರುವುದರಿಂದ ಅದು ಎಳೆದಾಗ ಮಂಡಿ ಮತ್ತಷ್ಟು ಮಡಚಿಕೊಳ್ಳುತ್ತದೆ.

ಹಂತ ಒಂದು ಸಂಖ್ಯೆ ಅಷ್ಟೆ. ಅದನ್ನು ಶಸ್ತ್ರಚಿಕಿತ್ಸೆಗೆ ಚೀಟಿ ಎಂದು ಓದಬೇಡಿ. ಎದ್ದಿರುವ ನಾಯಿ ಕಾಲು ಬಿಗಿ ಹಿಡಿದಿದ್ದರೆ ಒಂದು ಹಂತ ಕಡಿಮೆ ಸಿಗಬಹುದು, ಮಂಪರು ಬರಿಸಿ ನೋಡಿದರೆ ಹೆಚ್ಚು ಸಿಗಬಹುದು. ಬೆಳೆಯುವ ಮರಿಯಲ್ಲಿ ಹಂತ ಬದಲಾಗುತ್ತದೆ. ನಾಲ್ಕು ತಿಂಗಳಲ್ಲಿ ಒಂದನೇ ಹಂತ ಎಂದು ಬರೆದಿದ್ದರೆ ಆರು ತಿಂಗಳಿಗೆ, ಮತ್ತೆ ಒಂದು ವರ್ಷಕ್ಕೆ ನೋಡಿಸಿ.

ಇದಕ್ಕಿಂತ ಮುಖ್ಯವಾದ ಎಚ್ಚರಿಕೆ ಒಂದಿದೆ. ಚಿಪ್ಪು ಜಾರುತ್ತದೆ ಎಂದು ಗೊತ್ತಾದ ಕೂಡಲೇ ಕುಂಟುವುದಕ್ಕೆಲ್ಲ ಅದೇ ಕಾರಣ ಎಂದು ತೀರ್ಮಾನಿಸಬಾರದು. ನಾಲ್ಕರಿಂದ ಹನ್ನೆರಡು ತಿಂಗಳ ಸಣ್ಣ ತಳಿಯ ಮರಿ ಸದಾ ಕುಂಟುತ್ತಿದ್ದು, ತೊಡೆ ಸೊರಗಿದ್ದು, ಸೊಂಟ ಮುಟ್ಟಿದರೆ ನೋವು ಎಂದರೆ ಸೊಂಟದ ಕೀಲಿನ ಗುಂಡು ರಕ್ತ ಪೂರೈಕೆಯಿಲ್ಲದೆ ಕುಸಿಯುವ ಲೆಗ್-ಕಾಲ್ವೆ-ಪರ್ಥಿಸ್ ಕಾಯಿಲೆಯನ್ನು ನೆನೆಯಬೇಕು. ಇನ್ನು ನಡುವಯಸ್ಸಿನ ನಾಯಿ. ವರ್ಷಗಳಿಂದ ಎರಡನೇ ಹಂತದಲ್ಲಿ ಆಗೊಮ್ಮೆ ಈಗೊಮ್ಮೆ ಕುಪ್ಪಳಿಸುತ್ತಿದ್ದದ್ದು ಒಂದು ದಿನ ಕಾಲನ್ನು ನೆಲಕ್ಕೇ ಇಡುವುದಿಲ್ಲ. ಆಗ ಮೊದಲು ಅನುಮಾನಿಸಬೇಕಾದದ್ದು ಮಂಡಿಯೊಳಗೆ ತೊಡೆಮೂಳೆಯನ್ನೂ ಕೆಳಗಾಲಿನ ಮೂಳೆಯನ್ನೂ ಹಿಡಿದಿಡುವ ಕ್ರೂಸಿಯೇಟ್ ಲಿಗಮೆಂಟ್ ಎಂಬ ಪಟ್ಟಿ ಹರಿದಿರಬಹುದು ಎಂದು. ಕೆಳಗಾಲು ಒಳಕ್ಕೆ ತಿರುಚಿದಾಗ ಆ ಲಿಗಮೆಂಟ್ ಮೇಲೆ ಸದಾ ಎಳೆತ ಇರುತ್ತದೆ. ವರ್ಷಗಟ್ಟಲೆ ಎಳೆತ ತಿಂದು ಅದು ಸೋಲುತ್ತದೆ. ಕುಪ್ಪಳಿಸಿ ಮತ್ತೆ ಓಡುವುದು ಚಿಪ್ಪಿನ ಲಕ್ಷಣ, ಎತ್ತಿದ ಕಾಲನ್ನು ಎತ್ತಿಕೊಂಡೇ ಇರುವುದು ಬೇರೆ ಏನೋ ಆಗಿರುವ ಲಕ್ಷಣ. ಈ ಎರಡನೆಯದಕ್ಕೆ ‘ಹಳೆಯ ಮಂಡಿ ತೊಂದರೆ, ಸರಿಹೋಗುತ್ತದೆ’ ಎಂದು ವಾರ ಕಾಯಬೇಡಿ.

ಚಿಕಿತ್ಸೆಗೆ ಬರೋಣ. ಮೊದಲನೇ ಹಂತ, ಕುಂಟುವುದಿಲ್ಲ ಎಂದಾದರೆ ಶಸ್ತ್ರಚಿಕಿತ್ಸೆ ಬೇಡ. ಮೂರು ಮತ್ತು ನಾಲ್ಕಕ್ಕೆ, ನಾಯಿಯ ವಯಸ್ಸು ಆರೋಗ್ಯ ಅನುಮತಿಸಿದರೆ, ಬೇಕು. ಚರ್ಚೆ ಇರುವುದು ಎರಡನೇ ಹಂತದಲ್ಲಿ. ಅಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇವು: ಎಷ್ಟು ಸಲ ಕುಪ್ಪಳಿಸುತ್ತದೆ, ಕಳೆದ ಮೂರು ತಿಂಗಳಲ್ಲಿ ಹೆಚ್ಚಾಗಿದೆಯೇ, ಆ ಬದಿಯ ತೊಡೆ ಸೊರಗಿದೆಯೇ, ಮೊದಲು ಹತ್ತುತ್ತಿದ್ದ ಜಾಗಕ್ಕೆ ಈಗ ಹತ್ತಲು ಹಿಂಜರಿಯುತ್ತದೆಯೇ, ಇನ್ನೂ ಬೆಳೆಯುತ್ತಿದೆಯೇ? ಎಂಟು ವರ್ಷದ, ಮೂರು ಕಿಲೋದ, ತಿಂಗಳಿಗೆ ಎರಡು ಸಲ ಕುಪ್ಪಳಿಸುವ ನಾಯಿಯನ್ನು ಮೇಜಿನ ಮೇಲೆ ಮಲಗಿಸುವ ತುರ್ತು ಕಾಣುವುದಿಲ್ಲ. ಹತ್ತು ತಿಂಗಳ, ಪ್ರತಿ ಓಟದಲ್ಲೂ ಕುಪ್ಪಳಿಸುವ, ಹದಿನೈದು ಕಿಲೋದ ನಾಯಿಯನ್ನು ಕಾಯಿಸುವುದರಲ್ಲಿ ಅರ್ಥವಿಲ್ಲ. ಈ ಎರಡೂ ನಾಯಿಗಳ ಹಂತ ಒಂದೇ ಆದರೂ ನಿರ್ಧಾರ ಬೇರೆ ಬೇರೆ.

ಶಸ್ತ್ರಚಿಕಿತ್ಸೆ ಬೇಡವೆಂದಾದ ನಾಯಿಗೆ ಮಾಡಬೇಕಾದದ್ದರಲ್ಲಿ ತೂಕ ಎಲ್ಲಕ್ಕಿಂತ ಮುಂದೆ. ಮೂರು ಕಿಲೋ ಇರಬೇಕಾದ ನಾಯಿ ಮೂರೂವರೆ ಆಯಿತೆಂದರೆ ಅರ್ಧ ಕಿಲೋ ಎಂದು ಹಗುರಾಗಿ ತೆಗೆದುಕೊಳ್ಳುತ್ತೇವೆ, ಆದರೆ ಅದು ಅದರ ದೇಹದ ಆರನೇ ಒಂದು ಭಾಗ. ಪಕ್ಕೆಲುಬುಗಳು ಕಣ್ಣಿಗೆ ಎದ್ದು ಕಾಣಬಾರದು, ಆದರೆ ಅಂಗೈ ಇಟ್ಟರೆ ಒತ್ತದೆಯೇ ಕೈಗೆ ತಾಗಬೇಕು. ಮೇಲಿನಿಂದ ನೋಡಿದರೆ ನಡು ಒಳಕ್ಕೆ ಹೋಗಿರಬೇಕು. ತಿಂಡಿಯನ್ನು ಕಣ್ಣಳತೆಯಲ್ಲಿ ಹಾಕದೆ ಅಡುಗೆಮನೆಯ ತಕ್ಕಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ತೂಗಿ ಹಾಕಿ. ಸಣ್ಣ ನಾಯಿಗೆ ಐದು ಗ್ರಾಂ ಹೆಚ್ಚುಕಡಿಮೆಯೂ ದೊಡ್ಡದೇ.

ಎರಡನೆಯದು ನೆಲ. ನುಣುಪು ನೆಲದಲ್ಲಿ ಪಾದ ಜಾರಿದಾಗ ಕೆಳಗಾಲು ತಿರುಚುತ್ತದೆ, ತಿರುಚಿದಾಗ ಚಿಪ್ಪು ಜಾರುತ್ತದೆ. ನಾಯಿ ಓಡಾಡುವ ದಾರಿಗೆ ಜಾರದ ಚಾಪೆ ಹಾಸಿ. ಪಾದದ ಮೆತ್ತೆಗಳ ನಡುವೆ ಬೆಳೆದ ಕೂದಲನ್ನು ಕತ್ತರಿಸಿ, ಉಗುರನ್ನು ಗಿಡ್ಡ ಇಡಿ. ಇದು ಸಣ್ಣ ಕೆಲಸ ಅನ್ನಿಸುತ್ತದೆ, ಉದ್ದ ಕೂದಲಿನ ತಳಿಗಳಲ್ಲಿ ಇಷ್ಟರಿಂದಲೇ ಕುಪ್ಪಳಿಸುವುದು ಕಡಿಮೆಯಾಗುವುದುಂಟು. ಸೋಫಾ ಮಂಚಗಳಿಗೆ ಇಳಿಜಾರು ಹಲಗೆ ಇಡಿ. ವ್ಯಾಯಾಮ ಬೇಡ ಎನ್ನುವುದು ತಪ್ಪು, ತೊಡೆಯ ಸ್ನಾಯು ಗಟ್ಟಿಯಾಗಿದ್ದಷ್ಟೂ ಒಳ್ಳೆಯದು. ಹಗ್ಗ ಹಿಡಿದು ಸಮ ವೇಗದಲ್ಲಿ ನಡೆಸಿ, ಸಣ್ಣ ಏರು ಹತ್ತಿಸಿ, ನೇರವಾಗಿ ಕೂತು ಏಳುವುದನ್ನು ಐದರಿಂದ ಹತ್ತು ಸಲ ಮಾಡಿಸಿ. ಚೆಂಡು ಎಸೆದು ಸರಕ್ಕನೆ ತಿರುಗಿಸುವ ಆಟ, ಹಿಂಗಾಲ ಮೇಲೆ ನಿಲ್ಲಿಸಿ ಕುಣಿಸುವುದು ಇವೆರಡನ್ನು ನಿಲ್ಲಿಸಿ.

ಮಂಡಿಗೆ ಕಟ್ಟುವ ಪಟ್ಟಿ ಸಿಗುತ್ತದೆ, ಹಾಕಬಹುದೇ ಎಂದು ಯಾವಾಗಲೂ ಕೇಳುತ್ತಾರೆ. ನಾಯಿಯ ತೊಡೆ ಮೇಲೆ ದಪ್ಪ, ಕೆಳಗೆ ಸಣ್ಣ. ಪಟ್ಟಿ ಕೆಳಕ್ಕೆ ಜಾರುತ್ತದೆ. ಜಾರದಂತೆ ಬಿಗಿದರೆ ಚರ್ಮ ಹುಣ್ಣಾಗುತ್ತದೆ. ಎರಡರಲ್ಲೂ ಚಿಪ್ಪನ್ನು ಎಳೆಯುತ್ತಿರುವ ಗೆರೆ ಹಾಗೇ ಇರುತ್ತದೆ. ಗ್ಲೂಕೋಸಮೀನ್‌ನಂಥ ಪೂರಕಗಳೂ ಅಷ್ಟೆ, ಯಾವ ಪುಡಿಯೂ ತೋಡನ್ನು ಆಳ ಮಾಡುವುದಿಲ್ಲ. ನೋವಿದ್ದಾಗ ನಾಯಿಗೆಂದೇ ಇರುವ ಮೆಲಾಕ್ಸಿಕ್ಯಾಂ, ಕಾರ್ಪ್ರೊಫೆನ್‌ನಂಥ ಔಷಧವನ್ನು ವೈದ್ಯರು ತೂಕ ನೋಡಿ ಬರೆಯುತ್ತಾರೆ. ಮನೆಯಲ್ಲಿರುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಯನ್ನು ದಯವಿಟ್ಟು ಮುರಿದೂ ಕೊಡಬೇಡಿ. ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ, ಮೂತ್ರಪಿಂಡದ ಹಾನಿ ಆಗುತ್ತದೆ. ಸಣ್ಣ ನಾಯಿಗೆ ಒಂದೇ ಮಾತ್ರೆ ಪ್ರಾಣಕ್ಕೆ ಕುತ್ತಾಗಬಹುದು.

ಶಸ್ತ್ರಚಿಕಿತ್ಸೆಯಲ್ಲಿ ಏನು ಮಾಡುತ್ತಾರೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವವರು ನೀವು, ಯಾವುದಕ್ಕೆ ಹಾಕುತ್ತಿದ್ದೀರಿ ಎಂದು ಗೊತ್ತಿರಬೇಕು. ಮುಖ್ಯವಾಗಿ ಮೂರು ಕೆಲಸಗಳಿವೆ. ಒಂದು, ಗೆರೆಯನ್ನು ಸರಿಪಡಿಸುವುದು. ಕೆಳಗಾಲಿನ ಗುಬುಟನ್ನು ಗರಗಸದಿಂದ ಬಿಡಿಸಿ, ಸಾಧ್ಯವಾದರೆ ಕೆಳತುದಿಯ ಅಂಟನ್ನು ಹಾಗೇ ಉಳಿಸಿಕೊಂಡು, ಹೊರಬದಿಗೆ ಸರಿಸುತ್ತಾರೆ. ಚಿಪ್ಪು, ಪಟ್ಟಿ, ಗುಬುಟು ತೋಡಿನ ನೇರಕ್ಕೆ ಬಂದ ಜಾಗದಲ್ಲಿ ಒಂದೆರಡು ಸಣ್ಣ ಉಕ್ಕಿನ ಪಿನ್ನುಗಳನ್ನು ಹಾಕಿ ನಿಲ್ಲಿಸುತ್ತಾರೆ. ಎಳೆತ ಹೆಚ್ಚಿರುವ ನಾಯಿಯಾದರೆ ಎಂಟರ ಆಕಾರದಲ್ಲಿ ತಂತಿಯನ್ನೂ ಬಿಗಿಯುತ್ತಾರೆ. ಎರಡು, ತೋಡನ್ನು ಆಳ ಮಾಡುವುದು. ಹಿಂದೆ ತೋಡನ್ನು ಅರದಿಂದ ಉಜ್ಜಿ ಆಳ ಮಾಡುತ್ತಿದ್ದರು. ಅದರಲ್ಲಿ ಮೃದ್ವಸ್ಥಿ ಹೊರಟುಹೋಗುತ್ತದೆ, ಬೆಳೆಯುವುದು ಕಡಿಮೆ ದರ್ಜೆಯ ನಾರಿನಂಥ ಅಂಗಾಂಶ. ಈಗ ಮೃದ್ವಸ್ಥಿ ಸಮೇತ ಬೆಣೆಯಾಕಾರದ ಅಥವಾ ಆಯತಾಕಾರದ ತುಂಡನ್ನು ಎತ್ತಿ, ಅಡಿಯ ಮೂಳೆಯನ್ನು ತೆಗೆದು, ಅದೇ ತುಂಡನ್ನು ಕೆಳಮಟ್ಟದಲ್ಲಿ ಮತ್ತೆ ಕೂರಿಸುತ್ತಾರೆ. ಅದಕ್ಕೆ ಪಿನ್ನು ಬೇಕಿಲ್ಲ, ಮೇಲೆ ಕೂತ ಚಿಪ್ಪಿನ ಒತ್ತಡವೇ ಹಿಡಿದಿಡುತ್ತದೆ. ಚಿಪ್ಪಿನ ದಪ್ಪದ ಅರ್ಧವಾದರೂ ತೋಡಿನೊಳಗೆ ಇಳಿಯಬೇಕು. ಆಯತಾಕಾರದ ಕ್ರಮದಲ್ಲಿ ತೋಡಿನ ಮೇಲ್ಭಾಗವೂ ಚೆನ್ನಾಗಿ ಆಳವಾಗುತ್ತದೆ. ಕಾಲು ಚಾಚಿದಾಗ ಜಾರುವ ನಾಯಿಗಳಿಗೆ ಇದು ಒಳ್ಳೆಯದು. ಮೂರು, ಬಿಗಿದ ಒಳಬದಿಯ ಅಂಗಾಂಶವನ್ನು ಸಡಿಲಿಸಿ, ಸಡಿಲಾದ ಹೊರಬದಿಯನ್ನು ಮಡಿಸಿ ಬಿಗಿಯಾಗಿ ಹೊಲಿಯುವುದು.

ಈ ಮೂರನೆಯದೊಂದನ್ನೇ ಮಾಡಿ ಮುಗಿಸಿದರೆ? ಚಿಪ್ಪು ಕೆಲವು ವಾರ ನಿಲ್ಲುತ್ತದೆ. ಹೊಲಿಗೆ ಮತ್ತು ಅಂಗಾಂಶ ಕಾಲಕ್ರಮೇಣ ಹಿಗ್ಗುತ್ತವೆ, ಸ್ನಾಯುವಿನ ಎಳೆತ ಹಿಗ್ಗುವುದಿಲ್ಲ. ಗುಬುಟು ವಾಲಿದ್ದ ಮೂಳೆಯಲ್ಲಿ ಗುಬುಟನ್ನು ಸರಿಸದೆ ಬಿಟ್ಟರೆ ಚಿಪ್ಪು ಮತ್ತೆ ಜಾರುವುದು ಬಹಳ. ಅದಕ್ಕೇ ವೈದ್ಯರನ್ನು ನೇರವಾಗಿ ಕೇಳಿ: ಮೂಳೆಯ ಗೆರೆಯನ್ನು ಅಳೆದಿದ್ದೀರಾ, ಗುಬುಟನ್ನು ಸರಿಸುತ್ತೀರಾ, ತೊಡೆಮೂಳೆ ಎಷ್ಟು ಬಾಗಿದೆ? ಇದಕ್ಕೆ ಸೊಂಟದಿಂದ ಮಂಡಿಯವರೆಗೆ ಇಡೀ ತೊಡೆಮೂಳೆ ನೇರವಾಗಿ ಬರುವ ಎಕ್ಸ್‌ರೇ ಬೇಕು. ಸ್ವಲ್ಪ ಓರೆಯಾಗಿ ತೆಗೆದರೂ ನೇರ ಮೂಳೆ ಬಾಗಿದಂತೆ ಕಾಣುತ್ತದೆ, ಹಾಗಾಗಿ ನಾಯಿಗೆ ಮಂಪರು ಬರಿಸಿಯೇ ತೆಗೆಯುವುದು ಸರಿ. ಬಾಗು ಹೆಚ್ಚಿದ್ದರೆ, ದೊಡ್ಡ ನಾಯಿಗಳಲ್ಲಿ ಇದು ಹೆಚ್ಚು, ಸಿಟಿ ಸ್ಕ್ಯಾನ್ ಮಾಡಿಸಿ ಲೆಕ್ಕ ಹಾಕಿ ತೊಡೆಮೂಳೆಯನ್ನೇ ಕತ್ತರಿಸಿ ನೇರ ಮಾಡಿ ಪ್ಲೇಟು ಹಾಕಬೇಕಾಗುತ್ತದೆ. ಅಂಥ ನಾಯಿಯಲ್ಲಿ ಬರೀ ತೋಡು ಆಳ ಮಾಡಿ ಹೊಲಿದರೆ ಕೆಲಸ ಅರ್ಧಕ್ಕೆ ನಿಂತಂತೆ. ಇನ್ನೂ ಬೆಳೆಯುತ್ತಿರುವ ಮರಿಯಲ್ಲಿ ಗುಬುಟನ್ನು ಕತ್ತರಿಸಿದರೆ ಅಲ್ಲಿನ ಬೆಳವಣಿಗೆಯ ಪದರ ಹಾಳಾಗುತ್ತದೆ. ಹಾಗಾಗಿ ತೀವ್ರ ಹಂತದ ಮರಿಗೆ ಮೊದಲು ತೋಡು ಮತ್ತು ಮೃದು ಅಂಗಾಂಶದ ಕೆಲಸ ಮಾಡಿ ಚಿಪ್ಪನ್ನು ಜಾಗಕ್ಕೆ ತಂದು, ಬೆಳವಣಿಗೆ ಮುಗಿದ ಮೇಲೆ ಮೂಳೆಯ ಕೆಲಸ ಮಾಡುವುದುಂಟು. ಎರಡು ಸಲ ಮಾಡಬೇಕಾಗಬಹುದು ಎಂದು ಮೊದಲೇ ತಿಳಿದಿರಲಿ.

ಶಸ್ತ್ರಚಿಕಿತ್ಸೆ ಎಷ್ಟೇ ಚೆನ್ನಾಗಿ ಆಗಿರಲಿ, ಆಮೇಲಿನ ಆರರಿಂದ ಎಂಟು ವಾರ ನಿಮ್ಮ ಕೈಯಲ್ಲಿದೆ. ಸರಿಸಿದ ಗುಬುಟು ಪಿನ್ನಿನ ಆಸರೆಯಲ್ಲಿ ನಿಂತಿರುತ್ತದೆ, ಮೂಳೆ ಕೂಡಿಕೊಳ್ಳಲು ಅಷ್ಟು ಸಮಯ ಬೇಕು. ನಾಯಿ ಸೋಫಾಕ್ಕೆ ಒಂದೇ ಒಂದು ಸಲ ನೆಗೆದರೂ ತೊಡೆಯ ಸ್ನಾಯು ಪೂರ್ತಿ ಬಲದಿಂದ ಆ ಗುಬುಟನ್ನೇ ಮೇಲಕ್ಕೆ ಜಗ್ಗುತ್ತದೆ. ಪಿನ್ನು ಬಾಗಬಹುದು, ಗುಬುಟು ಕಿತ್ತು ಬರಬಹುದು. ಮೊದಲ ಎರಡು ವಾರ, ಎದ್ದು ನಿಲ್ಲಲು, ತಿರುಗಲು, ಕಾಲು ಚಾಚಿ ಮಲಗಲು ಆಗುವಷ್ಟು ದೊಡ್ಡ ಪಂಜರ ಅಥವಾ ಬೇಲಿ ಕಟ್ಟಿದ ಮೂಲೆ ಸಾಕು. ಹೊರಗೆ ಹೋಗುವುದು ಮಲಮೂತ್ರಕ್ಕೆ ಮಾತ್ರ, ಒಂದೊಂದು ಸಲಕ್ಕೆ ಐದು ನಿಮಿಷ, ಗಿಡ್ಡ ಹಗ್ಗದಲ್ಲಿ. ಜಾರುವ ಜಾಗ ದಾಟಿಸುವಾಗ ಹೊಟ್ಟೆಯ ಕೆಳಗೆ ಟವೆಲ್ ಹಾಕಿ ಹಿಡಿದುಕೊಳ್ಳಿ. ಹೊಲಿಗೆ ಬಿಚ್ಚುವವರೆಗೆ, ಅಂದರೆ ಹತ್ತರಿಂದ ಹದಿನಾಲ್ಕು ದಿನ, ಕೊರಳಿನ ಕೋನ್ ತೆಗೆಯಬೇಡಿ. ನೆಕ್ಕಿದ ಗಾಯಕ್ಕೆ ಸೋಂಕು ತಗುಲಿದರೆ ಅದು ಪಿನ್ನಿನವರೆಗೂ ಇಳಿಯುತ್ತದೆ. ಮೊದಲ ಎರಡು ಮೂರು ದಿನ ಬಟ್ಟೆ ಸುತ್ತಿದ ಐಸ್ ಪ್ಯಾಕನ್ನು ಹತ್ತು ನಿಮಿಷದಂತೆ ದಿನಕ್ಕೆ ಮೂರು ಸಲ ಇಡಬಹುದು. ಮೂರನೇ ವಾರದಿಂದ ನಡಿಗೆಯನ್ನು ವೈದ್ಯರು ಹೇಳಿದಷ್ಟೇ, ವಾರಕ್ಕೆ ಐದು ನಿಮಿಷದಂತೆ ಹೆಚ್ಚಿಸಿ. ಎಕ್ಸ್‌ರೇಯಲ್ಲಿ ಮೂಳೆ ಕೂಡಿದೆ ಎಂದು ಕಂಡ ಮೇಲೆ ಮಾತ್ರ ಹಗ್ಗ ಬಿಚ್ಚುವ ಮಾತು.

ಎಲ್ಲಕ್ಕಿಂತ ಕಷ್ಟದ ಕಾಲ ಮೊದಲ ವಾರ ಎಂದು ಎಲ್ಲರೂ ಭಾವಿಸುತ್ತಾರೆ. ನಿಜಕ್ಕೂ ಅಪಾಯದ್ದು ಮೂರನೆಯ, ನಾಲ್ಕನೆಯ ವಾರ. ನೋವು ಹೋಗಿರುತ್ತದೆ, ನಾಯಿ ಆಡಬೇಕೆನ್ನುತ್ತದೆ, ನಿಮಗೂ ಪಾಪ ಅನ್ನಿಸುತ್ತದೆ, ಆದರೆ ಮೂಳೆ ಇನ್ನೂ ಕೂಡಿರುವುದಿಲ್ಲ. ಹೊರಗೆ ಬಿಡುವ ಬದಲು ಪಂಜರದಲ್ಲೇ ಮೂಗಿನ ಕೆಲಸ ಕೊಡಿ. ಆ ಹೊತ್ತಿನ ಊಟವನ್ನೇ ಬಟ್ಟೆಯ ಮಡಿಕೆಗಳಲ್ಲಿ ಬಚ್ಚಿಟ್ಟು ಹುಡುಕಿಸಿ.

ಗಾಯದ ಕೆಳಗೆ ನೀರು ತುಂಬಿದಂಥ ಮೆತ್ತನೆ ಊತ ಕಂಡರೆ ಸಾಮಾನ್ಯವಾಗಿ ತಾನೇ ಇಳಿಯುತ್ತದೆ, ಚುಚ್ಚಿ ತೆಗೆಯಬೇಡಿ, ವೈದ್ಯರಿಗೆ ತಿಳಿಸಿ ಸಾಕು. ಆದರೆ ಕಾಲು ಊರುತ್ತಿದ್ದ ನಾಯಿ ಮತ್ತೆ ಎತ್ತಿಕೊಳ್ಳಲು ಶುರುಮಾಡಿದರೆ, ಊತ ಬಿಸಿಯಾಗಿ ಕೆಂಪಾದರೆ, ಕೀವು ಸೋರಿದರೆ, ಚರ್ಮದಡಿಯಲ್ಲಿ ಪಿನ್ನಿನ ತುದಿ ಚುಚ್ಚಿದಂತೆ ಕೈಗೆ ಸಿಕ್ಕರೆ ಅವತ್ತೇ ತೋರಿಸಿ. ಎರಡೂ ಕಾಲಿಗೆ ತೊಂದರೆ ಇರುವ ನಾಯಿಗೆ ಸಾಮಾನ್ಯವಾಗಿ ಹೆಚ್ಚು ಕೆಟ್ಟಿರುವ ಕಾಲನ್ನು ಮೊದಲು ಮಾಡಿ, ಅದು ಭಾರ ಹೊರುವಂತಾದ ಮೇಲೆ ಇನ್ನೊಂದನ್ನು ತೆಗೆದುಕೊಳ್ಳುತ್ತಾರೆ. ಎರಡನ್ನೂ ಒಟ್ಟಿಗೆ ಮಾಡುವುದೂ ಇದೆ, ಆದರೆ ಆಗ ಊರಲು ಒಳ್ಳೆಯ ಹಿಂಗಾಲೊಂದೂ ಇರುವುದಿಲ್ಲ. ಫಲಿತಾಂಶ ಎರಡು, ಮೂರನೇ ಹಂತಗಳಲ್ಲಿ ಚೆನ್ನಾಗಿರುತ್ತದೆ. ನಾಲ್ಕನೇ ಹಂತದಲ್ಲಿ ಮತ್ತೆ ಜಾರುವ, ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗುವ ಸಾಧ್ಯತೆ ಹೆಚ್ಚು. ಯಾವ ಹಂತದಲ್ಲಾದರೂ ಈಗಾಗಲೇ ಸವೆದ ಮೃದ್ವಸ್ಥಿ ಮರಳುವುದಿಲ್ಲ, ಸ್ವಲ್ಪ ಸಂಧಿವಾತ ಉಳಿಯುತ್ತದೆ. ತೂಕದ ಶಿಸ್ತು ಆಮೇಲೂ ಜೀವನವಿಡೀ ಇರಬೇಕು.

ಇನ್ನು ಮರಿ ಹಾಕಿಸುವ ವಿಷಯ. ಈ ದೋಷ ವಂಶದಲ್ಲಿ ಹರಿಯುತ್ತದೆ. ಹಲವು ವಂಶವಾಹಿಗಳು ಸೇರಿ ತರುವುದರಿಂದ ‘ಒಂದನೇ ಹಂತ ತಾನೆ’ ಎಂದು ಮರಿ ಹಾಕಿಸಿದ ನಾಯಿಗೆ ಮೂರನೇ ಹಂತದ ಮರಿ ಹುಟ್ಟಬಹುದು. ಶಸ್ತ್ರಚಿಕಿತ್ಸೆಯಿಂದ ಕಾಲು ನೇರವಾಗುತ್ತದೆ, ವಂಶವಾಹಿ ಹಾಗೇ ಇರುತ್ತದೆ. ಹಾಗಾಗಿ ಯಾವ ಹಂತದ ನಾಯಿಯನ್ನೂ, ಶಸ್ತ್ರಚಿಕಿತ್ಸೆ ಆದ ನಾಯಿಯನ್ನೂ ಸಂತಾನಕ್ಕೆ ಬಳಸಬೇಡಿ. ಮರಿ ತರುವವರು ತಂದೆ ತಾಯಿ ಎರಡರ ಮಂಡಿ ಪರೀಕ್ಷೆಯ ಬರಹ ಕೇಳಿ. ಅಮೆರಿಕದ ಆರ್ಥೊಪೆಡಿಕ್ ಫೌಂಡೇಷನ್ ಫಾರ್ ಅನಿಮಲ್ಸ್ ಹನ್ನೆರಡು ತಿಂಗಳು ತುಂಬಿದ ನಾಯಿಗೆ ಮಾತ್ರ ಮಂಡಿಯ ಪ್ರಮಾಣಪತ್ರ ಕೊಡುತ್ತದೆ, ಅದೂ ಎದ್ದಿರುವ ನಾಯಿಯನ್ನು ಕೈಯಿಂದ ಪರೀಕ್ಷಿಸಿ. ಅಂದರೆ ಆರು ತಿಂಗಳಲ್ಲಿ ಯಾರೋ ಮುಟ್ಟಿ ‘ಸರಿ ಇದೆ’ ಎಂದದ್ದು ಸಾಲದು. ಮತ್ತೊಂದು ಮಾತು: ನಿಮ್ಮ ಮರಿಯಲ್ಲಿ ಈ ದೋಷ ಪತ್ತೆಯಾದರೆ ಅದನ್ನು ಕೊಟ್ಟವರಿಗೆ ಹಂತ, ಯಾವ ಕಾಲು, ಎಷ್ಟನೇ ತಿಂಗಳಲ್ಲಿ ಕಂಡಿತು ಎಂದು ಬರೆದು ತಿಳಿಸಿ. ಅದೇ ಸೂಲಿನ ಉಳಿದ ಮರಿಗಳು ಬೇರೆ ಬೇರೆ ಮನೆಗಳಲ್ಲಿ ಬೆಳೆಯುತ್ತಿರುತ್ತವೆ, ಅವುಗಳ ಮಂಡಿಯನ್ನೂ ಬೆಳವಣಿಗೆ ಮುಗಿಯುವ ಮೊದಲೇ ನೋಡಿಸಲು ಅವರಿಗೆ ಸಮಯ ಸಿಗುತ್ತದೆ.